ಹುಸೇನ್ ಸಾಗರದ ದಂಡೆಯ ಕಾರು ರೇಸು: ತಂಡಗಳು, ಚಾಲಕರು, ಬದಲಾದ ಪ್ರಾಯೋಜಕರು

ಸ್ಮರಣ ಸಂಚಿಕೆಗಳಲ್ಲಿ ನಾವು ಓದುವ ಸಂಸ್ಥೆಗಳ ಚರಿತ್ರೆ ಹೆಚ್ಚಾಗಿ ಉಳಿದು ಬೆಳೆದವುಗಳದು. ಶಾಲೆಯಾಗಲಿ, ಸಂಘವಾಗಲಿ, ಸಹಕಾರಿ ಬ್ಯಾಂಕಾಗಲಿ, ಆರಂಭದ ಕಷ್ಟಕ್ಕೆ ಒಂದು ಪುಟ, ಕಟ್ಟಡಕ್ಕೆ ಒಂದು ಪುಟ, ದಾನಿಗಳಿಗೆ ಒಂದು ಪುಟ ಎಂದು ಅದರ ಚೌಕಟ್ಟು ಸಿದ್ಧವಾಗಿಯೇ ಇರುತ್ತದೆ. ಹೈದರಾಬಾದಿನ ಕಾರು ರೇಸಿನ ಕಥೆಯನ್ನು ಆ ಚೌಕಟ್ಟಿನಲ್ಲಿ ಕೂರಿಸಲು ಬರುವುದಿಲ್ಲ. 2022ರಲ್ಲಿ ನಗರದ ಬೀದಿಯ ಮೇಲೆ ಶುರುವಾಗಿ 2024ರ ಜನವರಿಯಲ್ಲಿ ಕಡಿದುಹೋದ ಈ ಯತ್ನಕ್ಕೆ ಸ್ವಂತ ಕಟ್ಟಡವಿರಲಿಲ್ಲ, ಸ್ವಂತ ಟ್ರ್ಯಾಕ್ ಇರಲಿಲ್ಲ, ಹಣ ಕೊಟ್ಟವರ ಹೆಸರು ವರ್ಷದೊಳಗೇ ಬದಲಾಯಿತು. ಆದರೂ ಇದನ್ನು ದಾಖಲಿಸಬೇಕು. ಇಷ್ಟು ದೊಡ್ಡ ಆಸೆಯಿಂದ, ಇಷ್ಟು ದೊಡ್ಡ ಹಣದಿಂದ ಕಟ್ಟಿದ್ದು ಇಷ್ಟು ಬೇಗ ಏಕೆ ಕುಸಿಯಿತು ಎಂಬುದನ್ನು ನಾವು ಇನ್ನೂ ಸರಿಯಾಗಿ ಕೇಳಿಕೊಂಡಿಲ್ಲ. ಪ್ರಾಯೋಜಕ ಕೈಬಿಟ್ಟ, ಸರ್ಕಾರ ಬದಲಾಯಿತು, ಆದ್ದರಿಂದ ರೇಸು ನಿಂತಿತು ಎಂಬ ಉತ್ತರ ಸುಲಭವಾಗಿ ಸಿಗುತ್ತದೆ. ಆ ಉತ್ತರ ಅರ್ಧಸತ್ಯ ಎಂಬುದು ಈ ಲೇಖನದ ವಾದ. ರೇಸಿನ ಲೋಕದಲ್ಲಿ ಪ್ರಾಯೋಜಕ ಹೋಗುವುದು ನಿತ್ಯದ ಸಂಗತಿ. ಅವನು ಹೋದ ದಿನ ಊರಿನಲ್ಲಿ ಯಾರು ಉಳಿದಿರುತ್ತಾರೆ, ಮುಂದಿನವನನ್ನು ಬರಮಾಡಿಕೊಳ್ಳಲು ಯಾವ ಸಂಸ್ಥೆ ನಿಂತಿರುತ್ತದೆ ಎಂಬುದರ ಮೇಲೆ ತಂಡಗಳ, ಚಾಲಕರ ಬದುಕು ನಿಂತಿದೆ. ಹೈದರಾಬಾದಿನಲ್ಲಿ ಆ ಜಾಗ ಖಾಲಿಯಿತ್ತು.

ಮೊದಲು ನಡೆದದ್ದನ್ನು ಕ್ರಮವಾಗಿ ನೋಡೋಣ. 2022ರ ಜನವರಿ 17ರಂದು ತೆಲಂಗಾಣ ಸರ್ಕಾರವೂ ವಿದ್ಯುತ್ ಕಾರುಗಳ ವಿಶ್ವ ಚಾಂಪಿಯನ್‌ಷಿಪ್ ಆದ ಫಾರ್ಮುಲಾ ಇ ಸಂಸ್ಥೆಯೂ ಇಂಗಿತ ಪತ್ರಕ್ಕೆ ಸಹಿ ಹಾಕಿದವು. ವಿದ್ಯುತ್ ವಾಹನಗಳ ಉದ್ಯಮವನ್ನು ರಾಜ್ಯಕ್ಕೆ ಸೆಳೆಯುವುದು ಅಂದಿನ ಸರ್ಕಾರದ ಗುರಿಯಾಗಿತ್ತು. ರೇಸು ಅದರ ಜಾಹೀರಾತು. ಹುಸೇನ್ ಸಾಗರದ ದಂಡೆಯಲ್ಲಿ, ಸಚಿವಾಲಯ, ಲುಂಬಿನಿ ಪಾರ್ಕ್, ಎನ್‌ಟಿಆರ್ ಗಾರ್ಡನ್, ನೆಕ್ಲೆಸ್ ರಸ್ತೆಗಳನ್ನು ಬಳಸಿಕೊಂಡು 2.83 ಕಿಲೋಮೀಟರಿನ ತಾತ್ಕಾಲಿಕ ಸರ್ಕೀಟು ಸಿದ್ಧವಾಯಿತು. ಅದರ ಮೇಲೆ ಮೊದಲು ಓಡಿದ್ದು ಭಾರತದ್ದೇ ಆದ ಇಂಡಿಯನ್ ರೇಸಿಂಗ್ ಲೀಗಿನ ಕಾರುಗಳು. ಹೈದರಾಬಾದ್ ಬ್ಲ್ಯಾಕ್‌ಬರ್ಡ್ಸ್, ಬ್ಯಾಂಗಲೋರ್ ಸ್ಪೀಡ್‌ಸ್ಟರ್ಸ್, ಚೆನ್ನೈ ಟರ್ಬೋ ರೈಡರ್ಸ್, ಸ್ಪೀಡ್ ಡೀಮನ್ಸ್ ಡೆಲ್ಲಿ, ಗಾಡ್‌ಸ್ಪೀಡ್ ಕೊಚ್ಚಿ, ಗೋವಾ ಏಸಸ್ ಎಂಬ ಆರು ತಂಡಗಳು. ಎಲ್ಲರಿಗೂ ಒಂದೇ ಮಾದರಿಯ ವುಲ್ಫ್ ಕಾರು. ಪ್ರತಿ ತಂಡದಲ್ಲಿ ಭಾರತೀಯರು, ವಿದೇಶೀಯರು, ಒಬ್ಬ ಮಹಿಳಾ ಚಾಲಕಿ. 2022ರ ನವೆಂಬರಿನ ಮೊದಲ ಸುತ್ತು ವಿಳಂಬ, ಅಪಘಾತಗಳ ನಡುವೆ ಅಂದುಕೊಂಡಂತೆ ನಡೆಯಲೇ ಇಲ್ಲ. ಮಧ್ಯದ ಸುತ್ತುಗಳು ಚೆನ್ನೈ ಬಳಿಯ ಕಾಯಂ ಟ್ರ್ಯಾಕಿನಲ್ಲಿ ನಡೆದು, ಡಿಸೆಂಬರಿನ ಕೊನೆಯ ಸುತ್ತಿಗೆ ಲೀಗು ಮತ್ತೆ ಹೈದರಾಬಾದಿಗೆ ಬಂತು. ಪ್ರಶಸ್ತಿ ಕೊಚ್ಚಿಯ ತಂಡದ ಪಾಲಾಯಿತು. ಬೀದಿ ಎಡವಿದಾಗ ಲೀಗನ್ನು ಎತ್ತಿ ನಿಲ್ಲಿಸಿದ್ದು ಚೆನ್ನೈಯ ಟ್ರ್ಯಾಕ್ ಎಂಬ ಸಂಗತಿಯನ್ನು ಇಲ್ಲಿ ಗುರುತಿಸಿಕೊಳ್ಳಬೇಕು. ಮುಂದೆ ಇದರ ಮಾತು ಬರುತ್ತದೆ.

2023ರ ಫೆಬ್ರುವರಿ 11ರಂದು ಫಾರ್ಮುಲಾ ಇ ಬಂತು. 2013ರ ಇಂಡಿಯನ್ ಗ್ರ್ಯಾಂಡ್ ಪ್ರೀ ಆದಮೇಲೆ ಭಾರತದ ನೆಲದಲ್ಲಿ ಕಾರು ರೇಸಿನ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಅದೇ ಮೊದಲು. ಹೈದರಾಬಾದಿನದೇ ಗ್ರೀನ್‌ಕೋ ಕಂಪನಿಯ ಹೆಸರು ರೇಸಿನ ತಲೆಬರಹದಲ್ಲಿತ್ತು. ಅದೇ ಸಮೂಹದ ಏಸ್ ನೆಕ್ಸ್ಟ್ ಜೆನ್ ಎಂಬ ಸಂಸ್ಥೆ ಪ್ರವರ್ತಕನಾಗಿತ್ತು. ಡಿಎಸ್ ಪೆನ್ಸ್ಕಿ ತಂಡದ ಜಾನ್ ಎರಿಕ್ ವೆರ್ನ್ ಗೆದ್ದರು, ನಿಕ್ ಕ್ಯಾಸಿಡಿ ಎರಡನೆಯವರಾದರು. ಭಾರತದ ಒಂದೇ ತಂಡವಾದ ಮಹೀಂದ್ರ ರೇಸಿಂಗ್‌ನ ಆಲಿವರ್ ರೋಲೆಂಡ್ ಆರನೆಯವರಾಗಿ ಬಂದರು. ರೇಸಿನಿಂದ ನಗರಕ್ಕೆ ಸುಮಾರು 8.4 ಕೋಟಿ ಡಾಲರಿನ ಆರ್ಥಿಕ ಲಾಭವಾಯಿತೆಂದು ಸಂಘಟಕರು ಅಂದಾಜು ಕೊಟ್ಟರು. ಅಷ್ಟಾದರೂ ಮೊದಲ ಆವೃತ್ತಿ ಮುಗಿದ ಮೇಲೆ ಪ್ರವರ್ತಕ ಸಂಸ್ಥೆ ಹಿಂದೆ ಸರಿಯಿತು. ಬಹುವರ್ಷದ ಒಪ್ಪಂದ ಒಂದೇ ವರ್ಷಕ್ಕೆ ಮುರಿದುಬಿತ್ತು. 2023ರ ಅಕ್ಟೋಬರ್ 30ರಂದು ರಾಜ್ಯದ ನಗರಾಡಳಿತ ಇಲಾಖೆ ತಾನೇ ಆತಿಥೇಯನಾಗಿ ಹೊಸ ಒಪ್ಪಂದಕ್ಕೆ ಸಹಿ ಹಾಕಿತು. ಅಂದರೆ ಖಾಸಗಿ ಪ್ರಾಯೋಜಕನ ಜಾಗಕ್ಕೆ ಸರ್ಕಾರದ ಖಜಾನೆ ಬಂತು. ಡಿಸೆಂಬರಿನಲ್ಲಿ ಸರ್ಕಾರ ಬದಲಾಯಿತು. 2024ರ ಫೆಬ್ರುವರಿ 10ಕ್ಕೆ ಗೊತ್ತಾಗಿದ್ದ ಎರಡನೇ ರೇಸು ರದ್ದಾಯಿತೆಂದು ಜನವರಿ 5ರಂದು, ಇನ್ನೂ ಐದು ವಾರ ಇರುವಾಗ, ಪ್ರಕಟಣೆ ಹೊರಬಿತ್ತು. ಈ ಒಪ್ಪಂದದ ಹಣ ಪಾವತಿಯ ಬಗ್ಗೆ 2024ರ ಡಿಸೆಂಬರಿನಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಪ್ರಕರಣ ದಾಖಲಿಸಿತು; ಒಪ್ಪಂದವಾದಾಗ ಸಚಿವರಾಗಿದ್ದ ಕೆ.ಟಿ. ರಾಮರಾವ್ ಆರೋಪಗಳನ್ನು ಅಲ್ಲಗಳೆದಿದ್ದಾರೆ. ಅದರ ಸರಿತಪ್ಪು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ನಮ್ಮ ಪ್ರಶ್ನೆ ಬೇರೆ: ಒಂದು ಸಹಿ ಹಿಂತೆಗೆದುಕೊಂಡ ಕೂಡಲೇ ಇಡೀ ರೇಸು ಇಲ್ಲವಾಗುವುದು ಹೇಗೆ?

ಇದನ್ನು ಅರ್ಥಮಾಡಿಕೊಳ್ಳಲು ಪ್ರಾಯೋಜಕರ ಸ್ವಭಾವವನ್ನು ಅರಿಯಬೇಕು. ಅದಕ್ಕೆ ಅಮೆರಿಕದ ಸ್ಟಾಕ್ ಕಾರ್ ರೇಸಿಗಿಂತ, ಅಂದರೆ ಅಂಗಡಿಯಲ್ಲಿ ಸಿಗುವ ಕಾರಿನ ರೂಪದ ಕಾರುಗಳ ರೇಸಿಗಿಂತ, ಒಳ್ಳೆಯ ಪಾಠಶಾಲೆಯಿಲ್ಲ. ಅಲ್ಲಿ ಕಾರಿನ ಬಾನೆಟ್ ಮೇಲಿನ ಹೆಸರು ಚಾಲಕನ ಹೆಸರಿನಷ್ಟೇ ಜನಪ್ರಿಯ, ಮತ್ತು ಅಷ್ಟೇ ಅಸ್ಥಿರ. ಆಲನ್ ಕುಲ್ವಿಕಿ ಎಂಬ ಎಂಜಿನಿಯರ್ ತನ್ನ ತಂಡಕ್ಕೆ ತಾನೇ ಒಡೆಯ, ತಾನೇ ಚಾಲಕ. ದೊಡ್ಡ ತಂಡದ ಒಡೆಯರಾದ ಜೂನಿಯರ್ ಜಾನ್ಸನ್ ಕರೆದರೂ ಹೋಗಲಿಲ್ಲ. 1991ರ ಋತು ಶುರುವಾದಾಗ ಕಾಯಂ ಪ್ರಾಯೋಜಕರೇ ಇರಲಿಲ್ಲ. ಕೆಲವು ರೇಸುಗಳಾದ ಮೇಲೆ ಹೂಟರ್ಸ್ ಎಂಬ ಹೋಟೆಲ್ ಕಂಪನಿ ಕೈಹಿಡಿಯಿತು. ಮರುವರ್ಷ, 1992ರಲ್ಲಿ, ಕುಲ್ವಿಕಿ ಬರೀ 10 ಅಂಕಗಳ ಅಂತರದಿಂದ ಚಾಂಪಿಯನ್ ಆದರು. 1993ರ ಏಪ್ರಿಲ್ 1ರಂದು ಪ್ರಾಯೋಜಕರದೇ ವಿಮಾನದ ಅಪಘಾತದಲ್ಲಿ ತೀರಿಕೊಂಡರು. ಒಬ್ಬ ಮನುಷ್ಯನ ಮೇಲೆ ನಿಂತಿದ್ದ ತಂಡ ಮಾರಾಟವಾಯಿತು. ಇತ್ತೀಚಿನದು ಇನ್ನೊಂದು ಉದಾಹರಣೆ. ಡೆನ್ವರ್ ನಗರದ ಫರ್ನಿಚರ್ ರೋ ರೇಸಿಂಗ್ ತಂಡ ಮಾರ್ಟಿನ್ ಟ್ರುಯೆಕ್ಸ್ ಜೂನಿಯರ್ ಅವರೊಂದಿಗೆ 2017ರಲ್ಲಿ ಚಾಂಪಿಯನ್ ಆಯಿತು. ಮರುವರ್ಷ ಮುಖ್ಯ ಪ್ರಾಯೋಜಕ ಹಿಂದೆ ಸರಿದ, ಬದಲಿ ಸಿಗಲಿಲ್ಲ, 2018ರ ಕೊನೆಗೆ ಚಾಂಪಿಯನ್ ತಂಡವೇ ಬಾಗಿಲು ಹಾಕಿತು. ಗೆಲುವು ಕೂಡ ಹಣದ ಭರವಸೆಯಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆದರೂ ಅಲ್ಲಿ ರೇಸು ನಿಲ್ಲಲಿಲ್ಲ. ಫರ್ನಿಚರ್ ರೋ ತಂಡದ ಬಳಿ ಚಾರ್ಟರ್ ಎಂಬ ಹಕ್ಕುಪತ್ರ ಇತ್ತು. 2016ರಿಂದ, ಈ ರೇಸುಗಳನ್ನು ನಡೆಸುವ ನಾಸ್ಕಾರ್ ಸಂಸ್ಥೆ ಇಂಥ 36 ಹಕ್ಕುಪತ್ರಗಳನ್ನು ಹಂಚಿದೆ. ಅದಿದ್ದವರಿಗೆ ಪ್ರತಿ ರೇಸಿನಲ್ಲೂ ಜಾಗ ಖಾತ್ರಿ, ಬೇಡವಾದರೆ ಮಾರಿಕೊಳ್ಳಬಹುದು. ತಂಡ ಮುಚ್ಚಿದರೂ ಹಕ್ಕು ಇನ್ನೊಂದು ತಂಡಕ್ಕೆ ದಾಟಿತು, ಚಾಲಕ ಇನ್ನೊಂದು ತಂಡಕ್ಕೆ ಹೋದರು.

ನಮ್ಮವರ ಕಥೆಯೊಂದು ಇದಕ್ಕಿಂತ ಹತ್ತಿರದ್ದು. ಬೆಂಗಳೂರಿನ ಯುಬಿ ಸಮೂಹದ ವಿಜಯ್ ಮಲ್ಯ 2007ರಲ್ಲಿ ಪಾಲುದಾರರೊಂದಿಗೆ ಸ್ಪೈಕರ್ ಎಂಬ ಫಾರ್ಮುಲಾ ಒನ್ ತಂಡವನ್ನು ಕೊಂಡು ಫೋರ್ಸ್ ಇಂಡಿಯಾ ಎಂದು ಹೆಸರಿಟ್ಟರು. 2008ರಿಂದ ಅದು ಓಡಿತು. 2009ರಲ್ಲಿ ಬೆಲ್ಜಿಯಂನಲ್ಲಿ ತಂಡದ ಚಾಲಕ ಫಿಸಿಕೆಲ್ಲಾ ಮೊದಲ ಸಾಲಿನ ಮೊದಲ ಜಾಗದಿಂದ ಹೊರಟು ಎರಡನೆಯವರಾಗಿ ಮುಗಿಸಿದಾಗ ಬೆಂಗಳೂರಿನಲ್ಲಿ ಆದ ಸಂತೋಷ ಸಣ್ಣದಲ್ಲ. ಕಾರಿನ ಮೈಮೇಲೆ ಕಿಂಗ್‌ಫಿಷರ್ ಇತ್ತು; 2011ರಲ್ಲಿ ಸಹಾರಾ ಸಮೂಹ ಒಡೆತನದ ಪಾಲುದಾರನಾಗಿ ಬಂತು; ಒಡೆಯರಿಬ್ಬರೂ ತಮ್ಮ ತಮ್ಮ ಉದ್ಯಮಗಳ ಸಂಕಟದಲ್ಲಿ ಮುಳುಗಿದ ಮೇಲೆ 2017ರಲ್ಲಿ ಬಿಡಬ್ಲ್ಯೂಟಿ ಎಂಬ ಆಸ್ಟ್ರಿಯಾದ ನೀರು ಶುದ್ಧೀಕರಣ ಕಂಪನಿ ಇಡೀ ಕಾರಿಗೆ ಗುಲಾಬಿ ಬಣ್ಣ ಬಳಿಸಿತು. ಅಷ್ಟೆಲ್ಲ ಗೊಂದಲದ ನಡುವೆಯೂ 2016, 2017ರಲ್ಲಿ ತಂಡ ನಾಲ್ಕನೇ ಸ್ಥಾನ ಪಡೆಯಿತು. 2018ರ ಜುಲೈಯಲ್ಲಿ ಸಾಲ ಕೊಟ್ಟವರ ಒತ್ತಡಕ್ಕೆ ಅದು ಆಡಳಿತಾಧಿಕಾರಿಗಳ ಕೈಗೆ ಹೋದಾಗಲೂ ಕೆಲಸ ನಿಲ್ಲಲಿಲ್ಲ. ಹೊಸ ಒಡೆಯರು ಬಂದರು, 405 ಜನರ ಉದ್ಯೋಗ ಉಳಿಯಿತು. ಜೋರ್ಡನ್, ಮಿಡ್‌ಲ್ಯಾಂಡ್, ಸ್ಪೈಕರ್, ಫೋರ್ಸ್ ಇಂಡಿಯಾ, ರೇಸಿಂಗ್ ಪಾಯಿಂಟ್, ಈಗ ಆಸ್ಟನ್ ಮಾರ್ಟಿನ್: 1991ರಿಂದ ಆರು ಹೆಸರು ಹೊತ್ತ ಈ ತಂಡ ಸಿಲ್ವರ್‌ಸ್ಟೋನ್ ಟ್ರ್ಯಾಕಿನ ಎದುರಿನ ಜಾಗ ಬಿಟ್ಟು ಕದಲಿಲ್ಲ. ಉಳಿದದ್ದು ಅಲ್ಲಿನ ಕುಶಲಕರ್ಮಿಗಳು, ಅವರ ಉಪಕರಣಗಳು, ತಲೆಮಾರಿನಿಂದ ಬಂದ ತಿಳಿವಳಿಕೆ. ಆದರೆ ಅದು ಉಳಿದದ್ದು ಇಂಗ್ಲೆಂಡಿನಲ್ಲಿ. ಹೆಸರಿನಲ್ಲಿ ಹತ್ತು ವರ್ಷ ಇಂಡಿಯಾ ಇದ್ದರೂ, ಭಾರತದಲ್ಲಿ ಆ ತಂಡದಿಂದ ಒಂದು ಗ್ಯಾರೇಜೂ ಉಳಿಯಲಿಲ್ಲ. ಇದು ನೋವಿನ ಮಾತು, ಆದರೂ ಹೇಳಲೇಬೇಕಾದ ಮಾತು.

ಮಹೀಂದ್ರ ರೇಸಿಂಗ್ ತಂಡವನ್ನೂ ಇದೇ ಅಳತೆಯಿಂದ ನೋಡಬಹುದು. ಅದರ ಹಿಂದೆ ಕರ್ನಾಟಕದ ಒಂದು ಎಳೆಯಿದೆ. ಬೆಂಗಳೂರಿನ ಚೇತನ್ ಮೈನಿ 2001ರಲ್ಲಿ ರಸ್ತೆಗಿಳಿಸಿದ ರೇವಾ ವಿದ್ಯುತ್ ಕಾರಿನ ಕಂಪನಿಯನ್ನು 2010ರಲ್ಲಿ ಮಹೀಂದ್ರ ಕೊಂಡುಕೊಂಡಿತು. ಮೂರೇ ವರ್ಷದಲ್ಲಿ ಫಾರ್ಮುಲಾ ಇಯ ಹತ್ತು ಸ್ಥಾಪಕ ತಂಡಗಳಲ್ಲಿ ಒಂದಾಗಿ ಹೆಸರು ಬರೆಸಿತು. 2014ರ ಸೆಪ್ಟೆಂಬರಿನಲ್ಲಿ ಬೀಜಿಂಗ್‌ನ ಮೊದಲ ರೇಸಿನಲ್ಲಿ ಕರುಣ್ ಚಂದೋಕ್ ಐದನೆಯವರಾದರು. 2017ರಲ್ಲಿ ಬರ್ಲಿನ್‌ನಲ್ಲಿ ಫೆಲಿಕ್ಸ್ ರೋಸೆನ್‌ಕ್ವಿಸ್ಟ್ ಮೊದಲ ಗೆಲುವು ತಂದರು. ಹೈದರಾಬಾದಿಗೆ ಬಂದ ವರ್ಷ ಮಾತ್ರ ತಂಡ ಬಹಳ ಕಷ್ಟದಲ್ಲಿತ್ತು. ರೇಸಾದ ಎರಡು ವಾರಕ್ಕೆ ಕೇಪ್‌ಟೌನ್‌ನಲ್ಲಿ ಕಾರಿನ ಹಿಂಬದಿಯ ಸಸ್ಪೆನ್ಷನ್ ಸುರಕ್ಷಿತವಲ್ಲವೆಂದು ತಾನೇ ಕಾರುಗಳನ್ನು ಹಿಂತೆಗೆದುಕೊಂಡಿತು. ಋತುವಿನ ನಡುವೆಯೇ ರೋಲೆಂಡ್ ತಂಡ ಬಿಟ್ಟರು. ಕೊನೆಗೆ ಸಿಕ್ಕಿದ್ದು ಹತ್ತನೇ ಸ್ಥಾನ. ಇಂಥ ಸ್ಥಿತಿಯಲ್ಲಿ ಅನೇಕ ಪ್ರಾಯೋಜಕರು ಕೈತೊಳೆದುಕೊಳ್ಳುತ್ತಾರೆ. ಮಹೀಂದ್ರ ಹಾಗೆ ಮಾಡಲಿಲ್ಲ. ಹೊಸ ಮುಖ್ಯಸ್ಥ, ಹೊಸ ಚಾಲಕರೊಂದಿಗೆ ತಾಳ್ಮೆಯಿಂದ ಕಟ್ಟಿ, 2024–25ರ ಋತುವಿನಲ್ಲಿ ನಾಲ್ಕನೇ ಸ್ಥಾನಕ್ಕೆ ಏರಿತು. ತಾಳ್ಮೆಯಿಂದ ಏನು ಸಾಧ್ಯ ಎಂಬುದಕ್ಕೆ ನಮ್ಮದೇ ಕಂಪನಿಯ ಸಾಕ್ಷ್ಯ ಇದು, ಹೆಮ್ಮೆಪಡಬೇಕಾದದ್ದು. ಆದರೆ ಈ ಕಟ್ಟುವ ಕೆಲಸವೂ ನಡೆದದ್ದು ಇಂಗ್ಲೆಂಡಿನ ಬ್ಯಾನ್‌ಬರಿಯಲ್ಲಿ. ಹೈದರಾಬಾದಿನಿಂದ ಬೀದರಿನ ದಾರಿಯಲ್ಲಿ, ಜಹೀರಾಬಾದಿನಲ್ಲಿ, ಮಹೀಂದ್ರ ಕಂಪನಿಯ ದೊಡ್ಡ ಟ್ರ್ಯಾಕ್ಟರ್ ಕಾರ್ಖಾನೆಯಿದೆ. ಸದಾಶಿವಪೇಟೆಯಲ್ಲಿ ಎಂಆರ್‌ಎಫ್ ಟೈರಿನ ಕಾರ್ಖಾನೆಯಿದೆ. ರೇಸಿಗೆ ಬೇಕಾದ ಕೈಗಳು ನಗರದಿಂದ ನೂರು ಚಿಲ್ಲರೆ ಕಿಲೋಮೀಟರಿನೊಳಗೇ ಇದ್ದವು. ರೇಸು ಅವರನ್ನು ತಲುಪಲಿಲ್ಲ.

ರದ್ದತಿಯ ನಿಜವಾದ ಪೆಟ್ಟು ತಿಂದವರು ಚಾಲಕರು. 2023ರ ಹೈದರಾಬಾದ್ ರೇಸಿನಲ್ಲಿ 22 ಕಾರುಗಳಿದ್ದವು, ಭಾರತೀಯ ಚಾಲಕ ಒಬ್ಬರೂ ಇರಲಿಲ್ಲ. ಮುಂದಿನ ಋತುವಿಗೆ ಮುಂಬೈನ ಜಹಾನ್ ದಾರುವಾಲಾ ಮಾಸೆರಾಟಿ ತಂಡ ಸೇರಿದರು. ತಾಯ್ನಾಡಿನ ಜನರೆದುರು ವಿಶ್ವ ಚಾಂಪಿಯನ್‌ಷಿಪ್ಪಿನ ರೇಸು ಓಡುವ ಅವಕಾಶ ಭಾರತೀಯ ಚಾಲಕನಿಗೆ ಹತ್ತು ವರ್ಷಕ್ಕೂ ಮೇಲ್ಪಟ್ಟ ಅಂತರದ ಬಳಿಕ ಸಿಗುವುದರಲ್ಲಿತ್ತು. ಆ ರೇಸೇ ರದ್ದಾಯಿತು. ಒಂದು ಋತುವಿನ ಬಳಿಕ ದಾರುವಾಲಾ ಅವರ ಸೀಟೂ ಹೋಯಿತು. ರೇಸು ನಡೆದಿದ್ದರೆ ಸೀಟು ಉಳಿಯುತ್ತಿತ್ತೆಂದು ಹೇಳಲು ಬರುವುದಿಲ್ಲ. ಆದರೆ ಚಾಲಕ ಪ್ರಾಯೋಜಕರನ್ನು ಹುಡುಕುವುದು ತನ್ನ ಊರಿನಲ್ಲಿ, ತನ್ನ ಜನರ ಎದುರಿನ ಓಟವನ್ನು ತೋರಿಸಿ ಎಂಬುದು ಈ ವೃತ್ತಿಯ ಒಳಗಿನವರಿಗೆಲ್ಲ ತಿಳಿದದ್ದೇ. ಹೈದರಾಬಾದಿನ ಅನಿಂದಿತ್ ರೆಡ್ಡಿ 2016, 2017ರಲ್ಲಿ ಜೆಕೆ ಟೈರ್ ಸರಣಿಯ ಯೂರೋ ಜೆಕೆ ವಿಭಾಗದಲ್ಲಿ ರಾಷ್ಟ್ರೀಯ ಚಾಂಪಿಯನ್ ಆದವರು. ಆ ಸರಣಿಯ ರೇಸುಗಳು ನಡೆಯುತ್ತಿದ್ದದ್ದು ಕೊಯಮತ್ತೂರಿನಲ್ಲಿ, ದೆಹಲಿಯ ಬಳಿಯ ಬುದ್ಧ ಸರ್ಕೀಟಿನಲ್ಲಿ. ತನ್ನೂರಿನ ಚಾಂಪಿಯನ್ ಓಡುವುದನ್ನು ನೋಡಲು ಹೈದರಾಬಾದಿನವರು ಪರವೂರಿಗೆ ಹೋಗಬೇಕಿತ್ತು. 2022ರಲ್ಲಿ ಬ್ಲ್ಯಾಕ್‌ಬರ್ಡ್ಸ್ ಪರವಾಗಿ ಅವರೂ, ಯುರೋಪಿನ ಜಿಟಿ ರೇಸುಗಳಲ್ಲಿ ಹೆಸರಾದ ಬೆಂಗಳೂರಿನ ಅಖಿಲ್ ರಬೀಂದ್ರ ಅವರೂ, ಲೆ ಮಾನ್ಸ್ ಗೆದ್ದ ನೀಲ್ ಯಾನಿ ಅವರೊಂದಿಗೆ ಒಂದೇ ಗ್ಯಾರೇಜಿನಲ್ಲಿ ನಿಂತಾಗ ಹೊಸದೊಂದು ಶುರುವಾಯಿತೆಂದು ಅನ್ನಿಸಿದ್ದು ಸಹಜ.

ಆ ತಂಡದ ಹೆಸರು ಈಗಲೂ ಇದೆ. 2024ರಲ್ಲಿ ಹೈದರಾಬಾದ್ ಬ್ಲ್ಯಾಕ್‌ಬರ್ಡ್ಸ್‌ಗೆ ನಟ ನಾಗಚೈತನ್ಯ ಒಡೆಯರಾದರು. ಗೋವಾ ತಂಡಕ್ಕೆ ಜಾನ್ ಅಬ್ರಹಾಂ, ದೆಹಲಿಗೆ ಅರ್ಜುನ್ ಕಪೂರ್, ಹೊಸದಾಗಿ ಸೇರಿದ ಕೋಲ್ಕತ್ತಕ್ಕೆ ಸೌರವ್ ಗಂಗೂಲಿ. 2025ರಲ್ಲಿ ಬೆಂಗಳೂರು ತಂಡವನ್ನು ನಟ ಸುದೀಪ್ ತೆಗೆದುಕೊಂಡು ಕಿಚ್ಚಾಸ್ ಕಿಂಗ್ಸ್ ಬೆಂಗಳೂರು ಎಂದು ಹೆಸರಿಟ್ಟರು. ತಾರೆಯರು ಬಂದರೆ ಜನ ಬರುತ್ತಾರೆ, ಜನ ಬಂದರೆ ಪ್ರಾಯೋಜಕರು ಬರುತ್ತಾರೆ ಎಂಬ ಲೆಕ್ಕ ಕ್ರಿಕೆಟ್ಟಿನಿಂದ ಬಂದದ್ದು. ಈ ಒಡೆಯರ ಆಸಕ್ತಿಯನ್ನು ಸಂಶಯಿಸಬೇಕಿಲ್ಲ; ನಾಗಚೈತನ್ಯ ಅವರ ಕಾರುಗಳ ಮೋಹ ತೆಲುಗು ನಾಡಿಗೆಲ್ಲ ಗೊತ್ತು. ಆದರೆ ಕ್ರಿಕೆಟ್ ತಂಡಕ್ಕೆ ತವರು ಮೈದಾನವಿದೆ, ವರ್ಷಕ್ಕೆ ಏಳೆಂಟು ಸಲ ಅಲ್ಲಿಯೇ ಆಡುತ್ತದೆ, ಆ ಮೈದಾನದ ಹಿಂದೆ ಶಾಲಾ ಟೂರ್ನಿ, ಲೀಗು, ರಣಜಿಯ ದೊಡ್ಡ ಏಣಿಯಿದೆ. ಹೈದರಾಬಾದಿನ ರೇಸ್ ತಂಡಕ್ಕೆ 2022ರ ಆಚೆಗೆ ತವರಿನ ಓಟವೇ ಇಲ್ಲ. ತಂಡ ಓಡುವುದು ಚೆನ್ನೈನಲ್ಲಿ, ಕೊಯಮತ್ತೂರಿನಲ್ಲಿ. ಇದಕ್ಕೂ ಹಿಂದೆ, 2012ರಲ್ಲಿ, ಐ1 ಸೂಪರ್ ಸೀರೀಸ್ ಎಂಬ ಲೀಗನ್ನು ಇದೇ ಬಗೆಯಲ್ಲಿ ತಾರೆಯರ ಒಡೆತನದೊಂದಿಗೆ ಘೋಷಿಸಲಾಗಿತ್ತು, 2013ಕ್ಕೆ ಮುಂದೂಡಲಾಯಿತು, ಒಂದು ರೇಸೂ ನಡೆಯಲಿಲ್ಲ. ಇಂಡಿಯನ್ ರೇಸಿಂಗ್ ಲೀಗು ಅದಕ್ಕಿಂತ ಎಷ್ಟೋ ಗಟ್ಟಿ. ಅದು ಓಡುತ್ತಿದೆ, ಅದರ ಜತೆ ಫಾರ್ಮುಲಾ 4 ಸರಣಿಯೂ ಬಂದು ಎಳೆಯ ಚಾಲಕರಿಗೆ ದಾರಿಯಾಗಿದೆ. ಅದು ಓಡಲು ಸಾಧ್ಯವಾಗಿರುವುದಕ್ಕೆ ತಮಿಳುನಾಡಿನ ಎರಡು ಹಳೆಯ ಟ್ರ್ಯಾಕುಗಳು ಮುಖ್ಯ ಕಾರಣ.

ಆ ಟ್ರ್ಯಾಕುಗಳ ಚರಿತ್ರೆಯಲ್ಲಿ ನಮಗೆ ಬೇಕಾದ ಉತ್ತರವಿದೆ. ಎರಡನೇ ಮಹಾಯುದ್ಧದ ಕಾಲದ ಶೋಲವರಂ ಏರ್‌ಸ್ಟ್ರಿಪ್ಪಿನ ಮೇಲೆ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ದಶಕಗಳ ಕಾಲ ರೇಸು ನಡೆಸಿತು. ಗೊಂಡಲ್ ಮಹಾರಾಜರು, ಯುವಕರಾಗಿದ್ದ ವಿಜಯ್ ಮಲ್ಯ ಓಡಿದ್ದೆಲ್ಲ ಅಲ್ಲಿ. ಬೇರೆಯವರ ನೆಲ ಎಂದಿದ್ದರೂ ಕೈತಪ್ಪೀತು ಎಂದು ಕ್ಲಬ್ ಶ್ರೀಪೆರುಂಬುದೂರಿನ ಬಳಿ ಇರುಂಗಾಟುಕೋಟೈಯಲ್ಲಿ ತನ್ನದೇ ಜಾಗ ಮಾಡಿಕೊಂಡು 1990ರಲ್ಲಿ ಕಾಯಂ ಟ್ರ್ಯಾಕ್ ತೆರೆಯಿತು. ಕೊಯಮತ್ತೂರಿನಲ್ಲಿ ಎಸ್. ಕರಿವರ್ಧನ್ ಎಂಬ ಗಿರಣಿ ಮನೆತನದ ಯುವಕ ಮಾರುತಿ ಕಾರಿನ ಎಂಜಿನ್ ಬಳಸಿ ಅಗ್ಗದ ರೇಸ್ ಕಾರುಗಳನ್ನು ಕಟ್ಟಿಕೊಟ್ಟರು. ಫಾರ್ಮುಲಾ ಮಾರುತಿ ಎಂಬ ಆ ಕಾರುಗಳಲ್ಲಿ ಕಲಿತವರಲ್ಲಿ ನಾರಾಯಣ್ ಕಾರ್ತಿಕೇಯನ್ ಒಬ್ಬರು. 2005ರಲ್ಲಿ ಫಾರ್ಮುಲಾ ಒನ್ ಓಡಿದ ಮೊದಲ ಭಾರತೀಯ. 1995ರಲ್ಲಿ ವಿಮಾನ ಅಪಘಾತದಲ್ಲಿ ಕರಿವರ್ಧನ್ ತೀರಿಕೊಂಡರೂ ಅವರ ಹೆಸರಿನ ಟ್ರ್ಯಾಕ್ 2003ರಲ್ಲಿ ತೆರೆಯಿತು. ಈ ಊರುಗಳಿಗೂ ಪ್ರಾಯೋಜಕರು ಬಂದರು, ಹೋದರು. ಸಿಗರೇಟು ಕಂಪನಿಗಳ ಹಣಕ್ಕೆ 2003ರ ಕಾನೂನು ತೆರೆ ಎಳೆಯಿತು. ಟೊಯೊಟ ಎಟಿಯೋಸ್ ರೇಸಿಂಗ್ ಸರಣಿ ಒಂದೆರಡು ಋತು ನಡೆದು ನಿಂತಿತು. ಅಂಗಡಿಯಲ್ಲಿ ಸಿಗುವ ಕಾರನ್ನೇ ರೇಸಿಗೆ ಸಜ್ಜುಮಾಡುವ ಇಂಥ ಸರಣಿಗಳೇ ನಮ್ಮಲ್ಲಿ ಸ್ಟಾಕ್ ಕಾರ್ ರೇಸಿಗೆ ಅತ್ಯಂತ ಹತ್ತಿರದವು. ಎಂಆರ್‌ಎಫ್, ಜೆಕೆ ಟೈರ್ ಎಂಬ ಎರಡು ಟೈರ್ ಕಂಪನಿಗಳು ಮಾತ್ರ ದಶಕಗಳಿಂದ ನಿಂತಿವೆ. ಹಣ ಕೊಡುವವರು ಬದಲಾದಾಗಲೆಲ್ಲ ಟ್ರ್ಯಾಕ್, ಕ್ಲಬ್, ಮಾರ್ಷಲ್‌ಗಳು, ಎಂಜಿನ್ ಟ್ಯೂನ್ ಮಾಡುವ ಮೆಕ್ಯಾನಿಕ್‌ಗಳು ಅಲ್ಲೇ ಇದ್ದರು.

ಟ್ರ್ಯಾಕ್ ಇಲ್ಲದ ಊರಿಗೂ ಈ ಮಾತು ಅನ್ವಯಿಸುತ್ತದೆ ಎಂಬುದಕ್ಕೆ ಚಿಕ್ಕಮಗಳೂರು ಸಾಕ್ಷಿ. ಕಾಫಿ ತೋಟದ ಮಣ್ಣಿನ ದಾರಿಗಳಲ್ಲಿ ನಡೆಯುವ ಅಲ್ಲಿನ ರ‍್ಯಾಲಿ ಕೆಲವು ವರ್ಷ ಏಷ್ಯಾ ಪೆಸಿಫಿಕ್ ಚಾಂಪಿಯನ್‌ಷಿಪ್ಪಿನ ಸುತ್ತಾಗಿ, ಕಾಫಿ ಡೇ ಇಂಡಿಯಾ ರ‍್ಯಾಲಿ ಎಂಬ ಹೆಸರಿನಲ್ಲಿ ನಡೆಯಿತು. ಎಂಆರ್‌ಎಫ್ ಬಣ್ಣದ ಸ್ಕೋಡಾದಲ್ಲಿ ಗೌರವ್ ಗಿಲ್ ಓಡಿದ್ದನ್ನು ಮಲೆನಾಡಿನವರು ಬೇಲಿಯ ಬದಿಯಲ್ಲಿ ನಿಂತು ನೋಡಿದ್ದಾರೆ. ಬಳಿಕ ಪ್ರಾಯೋಜಕರ ಹೆಸರು ಹೋಯಿತು. ಗಿಲ್ ಕೂಡ ಎಂಆರ್‌ಎಫ್ ಬಿಟ್ಟು ಜೆಕೆ ಟೈರ್ ಪರ ಓಡಿದರು. ಆಮೇಲೂ ಚಿಕ್ಕಮಗಳೂರಿನಲ್ಲಿ ರಾಷ್ಟ್ರೀಯ ರ‍್ಯಾಲಿ ನಡೆದಿದೆ. ದಾರಿ ಕೊಡುವ ತೋಟದ ಮಾಲೀಕರು, ಸ್ಥಳೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು, ವೇಳೆ ಬರೆದುಕೊಳ್ಳುವ ಸ್ವಯಂಸೇವಕರು ಊರಿನವರೇ ಆದದ್ದರಿಂದ ಅದು ಸಾಧ್ಯವಾಯಿತು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿ ಇಷ್ಟು ಕಾಲ ಬಾಳಿರುವುದೂ ಇದೇ ಬಲದಿಂದ.

ಈ ವಾದಕ್ಕೆ ಆಕ್ಷೇಪಗಳಿವೆ, ಹಗುರವಾದವಲ್ಲ. ಕಾಯಂ ಟ್ರ್ಯಾಕ್ ಇದ್ದರೆ ಸಾಕು ಎನ್ನುವುದಾದರೆ ಬುದ್ಧ ಸರ್ಕೀಟಿನ ಗತಿ ಏನಾಯಿತು ಎಂದು ಯಾರಾದರೂ ಕೇಳಬಹುದು. ಜೇಪಿ ಸಮೂಹ ಕಟ್ಟಿದ ಆ ವಿಶ್ವದರ್ಜೆಯ ಟ್ರ್ಯಾಕಿನಲ್ಲಿ 2011ರಿಂದ 2013ರವರೆಗೆ ಮೂರೇ ಗ್ರ್ಯಾಂಡ್ ಪ್ರೀ ನಡೆದವು, ಮೂರನ್ನೂ ಸೆಬಾಸ್ಟಿಯನ್ ವೆಟಲ್ ಗೆದ್ದರು. ತೆರಿಗೆಯ ತಕರಾರು, ಒಡೆಯರ ಸಾಲದ ಹೊರೆಯಲ್ಲಿ ಅದು ನಿಂತಿತು. 2023ರ ಮೋಟೊ ಜಿಪಿ ಕೂಡ ಒಂದೇ ವರ್ಷಕ್ಕೆ ಮುಗಿಯಿತು. ಆಕ್ಷೇಪ ಸರಿ, ಮತ್ತು ಅದು ವಾದವನ್ನು ಇನ್ನಷ್ಟು ಖಚಿತಗೊಳಿಸುತ್ತದೆ. ಬುದ್ಧ ಸರ್ಕೀಟನ್ನು ಕಟ್ಟಿದ್ದು ರಿಯಲ್ ಎಸ್ಟೇಟ್ ಯೋಜನೆಯ ಭಾಗವಾಗಿ. ಅದರ ಹಿಂದೆ ರೇಸನ್ನೇ ಉಸಿರಾಡುವ ಕ್ಲಬ್ ಇರಲಿಲ್ಲ. ಮೊನಾಕೊದಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಕಾಯಂ ಟ್ರ್ಯಾಕೇ ಇಲ್ಲ, ಹೈದರಾಬಾದಿನಂತೆಯೇ ಬೀದಿಗಳಲ್ಲಿ ರೇಸು. ಆದರೆ 1929ರಿಂದ ಅದನ್ನು ನಡೆಸುತ್ತಿರುವುದು ಅಲ್ಲಿನ ಆಟೊಮೊಬೈಲ್ ಕ್ಲಬ್. 19ನೇ ಶತಮಾನದಲ್ಲಿ ಸೈಕಲ್ ಸವಾರರ ಸಂಘವಾಗಿ ಹುಟ್ಟಿದ ಅದು ಪ್ರತಿ ವರ್ಷ ತಡೆಗೋಡೆ ಕಟ್ಟಿ, ಮಾರ್ಷಲ್‌ಗಳಿಗೆ ತರಬೇತಿ ಕೊಟ್ಟು, ಮತ್ತೆ ಬಿಚ್ಚಿ ಗೋದಾಮಿಗೆ ಸೇರಿಸುತ್ತದೆ. ಹಾಗಾಗಿ ಡಾಂಬರಿಗಿಂತ ಮೊದಲು ಬೇಕಾದದ್ದು ಜನರ ಕೂಟ. ಹೈದರಾಬಾದಿನಲ್ಲೇ ಮಲಕ್‌ಪೇಟೆಯ ಕುದುರೆ ರೇಸು ಇದೆ. ನಿಜಾಮರ ಕಾಲದಲ್ಲಿ ಬೇರೂರಿದ್ದು, ರಾಜ್ಯದ ಗಡಿಗಳು ಎಷ್ಟು ಸಲ ಬದಲಾದರೂ ಉಳಿದಿದೆ. ಅದಕ್ಕೆ ಬಾಜಿಯ ಆದಾಯವಿದೆ, ಕಾರು ರೇಸಿಗೆ ಅದಿಲ್ಲ, ನಿಜ. ಆದರೆ ಸದಸ್ಯರಿರುವ ಕ್ಲಬ್, ನಂಬಿಕೆಯ ವೇಳಾಪಟ್ಟಿ, ಕಸುಬು ಬಲ್ಲ ಜನ ಎಂಬ ಮೂರೂ ಇಲ್ಲದೆ ಬಾಜಿಯ ಹಣವೊಂದೇ ಇಷ್ಟು ಕಾಲ ಅದನ್ನು ಹೊರುತ್ತಿರಲಿಲ್ಲ.

ಇನ್ನೊಂದು ಆಕ್ಷೇಪ ನೈತಿಕವಾದದ್ದು. ಕಾರು ರೇಸು ಸಿರಿವಂತರ ಶೋಕಿ. ವಾಹನದಟ್ಟಣೆಯಿಂದ ಬಸವಳಿದ ನಗರದ ನಡುವಿನ ರಸ್ತೆ ಮುಚ್ಚಿ, ಸಾರ್ವಜನಿಕ ಹಣ ಸುರಿದು ಅದನ್ನು ನಡೆಸುವುದು ತಪ್ಪು. ನಿಂತದ್ದೇ ಒಳ್ಳೆಯದಾಯಿತು ಎನ್ನುವವರಿದ್ದಾರೆ. ರಸ್ತೆ ಮುಚ್ಚಿದ ದಿನಗಳಲ್ಲಿ ಕೆಲಸಕ್ಕೆ ಹೋಗುವವರು ಪಟ್ಟ ಪಾಡನ್ನು ಅಲಕ್ಷಿಸಲಾಗದು. ಒಂದು ದಿನದ ಪ್ರದರ್ಶನಕ್ಕೆ ಖಜಾನೆ ತೆರೆಯುವುದನ್ನು ಈ ಲೇಖನವೂ ಸಮರ್ಥಿಸುವುದಿಲ್ಲ. ಆದರೆ ಸಿರಿವಂತರ ಆಟ ಎಂಬ ಮಾತಿಗೆ ಅರ್ಧ ಉತ್ತರ ಕರಿವರ್ಧನ್ ಕೊಟ್ಟಿದ್ದಾರೆ: ಊರಿನಲ್ಲೇ ಕಟ್ಟಿದ ಅಗ್ಗದ ಕಾರು, ಹತ್ತಿರದ ಟ್ರ್ಯಾಕ್ ಇದ್ದರೆ ಖರ್ಚು ಇಳಿಯುತ್ತದೆ. ಅವೆರಡೂ ಇಲ್ಲದ ಊರಿನ ಹುಡುಗ ಅಥವಾ ಹುಡುಗಿ ಕಲಿಯಲು ಚೆನ್ನೈಗೋ ಕೊಯಮತ್ತೂರಿಗೋ ಯುರೋಪಿಗೋ ಹೋಗಬೇಕು, ಆಗ ಸಿರಿವಂತರಲ್ಲದವರಿಗೆ ಬಾಗಿಲು ಮುಚ್ಚುತ್ತದೆ. ಬೆಂಗಳೂರಿನಲ್ಲಿ ಅಕ್ಬರ್ ಇಬ್ರಾಹಿಂ ಅವರ ಮೆಕೋ ಕಾರ್ಟಿಂಗ್ ಕೇಂದ್ರದಂಥವು ಮಕ್ಕಳಿಗೆ ಸ್ಟೀರಿಂಗ್ ಹಿಡಿಸಿ ಕಲಿಸುತ್ತ ಬಂದಿವೆ. ಬೆಂಗಳೂರಿನ ಕುಶ್ ಮೈನಿ 2025ರ ಮೇ ತಿಂಗಳಲ್ಲಿ ಮೊನಾಕೊದ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದ ಮೊದಲ ಭಾರತೀಯರಾದದ್ದು ಆಕಾಶದಿಂದ ಉದುರಿದ ಗೆಲುವಲ್ಲ. ಮನೆತನದ ಬೆಂಬಲ ಬಹಳವಿತ್ತು, ಜತೆಗೆ ಎಳವೆಯಿಂದ ಕಾರ್ಟಿಂಗ್ ಮಾಡುವ ಅವಕಾಶವೂ ಇತ್ತು.

ಹೈದರಾಬಾದ್ ರೇಸಿನ ಬಗ್ಗೆ ಈಗ ಒಂದು ನಿರ್ಣಯಕ್ಕೆ ಬರಬಹುದು. 2023ರ ಫೆಬ್ರುವರಿಯ ಆ ದಿನ ಸಣ್ಣ ಸಾಧನೆಯಲ್ಲ. ವಿಶ್ವ ಚಾಂಪಿಯನ್‌ಷಿಪ್ಪಿನ ಕಾರುಗಳನ್ನು ಭಾರತದ ನಗರದ ನಡುವಿನ ಬೀದಿಯಲ್ಲಿ ಸುರಕ್ಷಿತವಾಗಿ ಓಡಿಸಬಹುದೆಂದು ತೋರಿಸಿದ ಕೀರ್ತಿ ಅದರ ಹಿಂದೆ ದುಡಿದ ಎಂಜಿನಿಯರುಗಳಿಗೆ, ಪೊಲೀಸರಿಗೆ, ಕಾರ್ಮಿಕರಿಗೆ ಸಲ್ಲಬೇಕು. ಆದರೆ ಹಣ ಕೊಟ್ಟವರಾಗಲಿ, ಕೊಡಿಸಿದ ಸರ್ಕಾರವಾಗಲಿ, ನಿಲ್ಲಿಸಿದ ಸರ್ಕಾರವಾಗಲಿ ಈ ನಗರದಲ್ಲಿ ಒಂದು ಸ್ಥಳೀಯ ಕ್ಲಬ್ಬನ್ನು ಪಾಲುದಾರನಾಗಿ ಕೂರಿಸಲಿಲ್ಲ. ಒಪ್ಪಂದಗಳೆಲ್ಲ ಇಲಾಖೆ, ಪ್ರವರ್ತಕ ಕಂಪನಿ, ಲಂಡನ್ನಿನ ಸಂಘಟಕರ ನಡುವೆ ಆದವು. ಸುತ್ತಲ ಎಂಜಿನಿಯರಿಂಗ್ ಕಾಲೇಜುಗಳ ಸಾವಿರಾರು ವಿದ್ಯಾರ್ಥಿಗಳು ಟಿಕೆಟ್ ಕೊಂಡ ನೋಡುಗರಾಗಿಯೇ ಉಳಿದರು. ಆದ್ದರಿಂದ ಸಹಿ ಹಿಂತೆಗೆದಾಗ ಹುಸೇನ್ ಸಾಗರದ ದಂಡೆಯಲ್ಲಿ ನಿಂತು ಇದು ನಮ್ಮ ರೇಸು, ನಾವು ನಡೆಸುತ್ತೇವೆ ಎನ್ನುವವರು ಯಾರೂ ಇರಲಿಲ್ಲ.

ರೇಸು ಹೈದರಾಬಾದಿಗೆ ಮತ್ತೆ ಬರಬಹುದು, ನಾಳೆ ಬೆಂಗಳೂರಿನ ಬೀದಿಗೂ ಬರಬಹುದು. ಆಗ ಕನ್ನಡದ ಓದುಗರು, ವಿಶೇಷವಾಗಿ ಈ ಎರಡೂ ನಗರಗಳ ಕಾರ್ಖಾನೆ, ಕಾಲೇಜು, ಕಂಪನಿಗಳಲ್ಲಿ ದುಡಿಯುತ್ತಿರುವವರು, ತಲೆಬರಹದ ಪ್ರಾಯೋಜಕ ಯಾರು, ಉದ್ಘಾಟನೆಗೆ ಯಾವ ನಟ ಬರುತ್ತಾರೆ ಎಂದು ಕೇಳುವ ಮೊದಲು ಬೇರೆ ಪ್ರಶ್ನೆಗಳನ್ನು ಕೇಳಬೇಕೆಂದು ಮನವಿ. ಒಪ್ಪಂದದಲ್ಲಿ ಊರಿನ ಕ್ಲಬ್ಬಿಗೆ ಜಾಗ ಉಂಟೇ? ಮಾರ್ಷಲ್‌ಗಳ ತರಬೇತಿಗೆ, ಮಕ್ಕಳ ಕಾರ್ಟಿಂಗಿಗೆ, ಮೆಕ್ಯಾನಿಕ್‌ಗಳ ಶಾಲೆಗೆ ಆ ಹಣದ ಎಷ್ಟು ಪಾಲು ಮೀಸಲು? ಪ್ರಾಯೋಜಕ ಎರಡನೇ ವರ್ಷಕ್ಕೆ ಬಾರದಿದ್ದರೆ ನಡೆಸುವ ಹೊಣೆ ಯಾರದು? ಇವಕ್ಕೆ ಲಿಖಿತ ಉತ್ತರ ಸಿಗುವವರೆಗೆ ಸಹಿ ಹಾಕಬೇಡಿ ಎಂದು ನಮ್ಮ ಪ್ರತಿನಿಧಿಗಳಿಗೆ ಹೇಳೋಣ.